ಸೆಲ್ಲೋ, ತಂತಿಯೋ, ಬಲ್ಬೋ? ಸೊರಗಿದ ಕೈಯ ಪರೀಕ್ಷೆ

(ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಸಂಘಟಕರು ಫೋನ್ ಮಾಡಿ, "ನೀವು ದವಾಖಾನಿಯೊಳಗ ಕೆಲಸ ಮಾಡ್ತೀರಿ, ಆರೋಗ್ಯದ ಮ್ಯಾಲೆ ನಾಲ್ಕು ಮಾತು ಹೇಳ್ರಿ" ಅಂದರು. ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರಗಳ ವಿದ್ಯುತ್ ಪರೀಕ್ಷೆ ಮಾಡುವ ತಂತ್ರಜ್ಞ. ರೋಗಿಯ ಕೈಗೆ ತಂತಿ ಹಚ್ಚಿ, ಸಣ್ಣ ಕರೆಂಟು ಕೊಟ್ಟು, ಪರದೆಯ ಮೇಲೆ ಬರುವ ಗೆರೆಯನ್ನು ಅಳೆದು ಬರೆಯುವವನು. ವರದಿಗೆ ಸಹಿ ಮಾಡುವವರು ನರರೋಗ ತಜ್ಞರು. ಆರೋಗ್ಯದ ಬಗ್ಗೆ ಎಲ್ಲವನ್ನೂ ಹೇಳುವ ಅಧಿಕಾರ ನನಗಿಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ಒಂದೇ: ಸೊರಗಿದ ಕೈ. ಅದರ ಬಗ್ಗೆಯೇ ಮಾತಾಡುತ್ತೇನೆ. ಅದರೊಳಗೆ ನಾನು ಮಾಡಿದ ಒಂದು ತಪ್ಪೂ ಇದೆ. ಅದನ್ನು ನಮ್ಮ ಊರಿನಲ್ಲೇ ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಈ ವಿದ್ಯೆಯ ಮೊದಲ ಪಾಠ ನನಗೆ ಸಿಕ್ಕಿದ್ದು ಬೆಂಗಳೂರಿನಲ್ಲಲ್ಲ, ಇದೇ ಶಾಲೆಯಲ್ಲಿ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ವಿಜ್ಞಾನದ ಸರ್ ಒಂದು ಹಲಗೆಯ ಮೇಲೆ ಟಾರ್ಚಿನ ಸೆಲ್ಲು, ತಂತಿ, ಸಣ್ಣ ಬಲ್ಬು ಕಟ್ಟಿ ತಂದಿದ್ದರು. ಸ್ವಿಚ್ಚು ಒತ್ತಿದರೆ ದೀಪ ಹತ್ತಲಿಲ್ಲ. ಬೇಕಂತಲೇ ಎಲ್ಲೋ ಒಂದು ಕಡೆ ಕೆಡಿಸಿದ್ದರು. ನಾನು ಎದ್ದು ಹೋಗಿ ಬಲ್ಬು ಬದಲಿಸಿದೆ. ಹತ್ತಲಿಲ್ಲ. ಸರ್ ನಕ್ಕು, "ದೀಪ ಹತ್ತಲಿಲ್ಲಂದ್ರ ಬಲ್ಬಿಗೇ ಯಾಕ ಕೈ ಹಾಕ್ತೀಯೋ? ಸೆಲ್ಲು ಹೋಗಿರಬಹುದು, ತಂತಿ ಹರಿದಿರಬಹುದು, ಬಲ್ಬು ಸುಟ್ಟಿರಬಹುದು. ಎಲ್ಲಿ ಕೆಟ್ಟೈತಿ ಅಂತ ಮೊದಲು ಹುಡುಕು, ಆಮ್ಯಾಲೆ ರಿಪೇರಿ ಮಾಡು" ಅಂದರು. ನಾನು ಇವತ್ತಿಗೂ ದಿನಾ ಮಾಡುವ ಕೆಲಸ ಇಷ್ಟೇ.

ನಮ್ಮ ಕೈ ಆಡುವುದೂ ಹಾಗೆಯೇ. ಸ್ವಿಚ್ಚು ಮಿದುಳಿನಲ್ಲಿದೆ. ಅಲ್ಲಿಂದ ಅಪ್ಪಣೆ ಬೆನ್ನುಹುರಿಗೆ ಇಳಿಯುತ್ತದೆ. ಬೆನ್ನುಹುರಿಯಲ್ಲಿರುವ ಚಾಲಕ ನರಕೋಶಗಳೇ ಸೆಲ್ಲು. ಅವುಗಳಿಂದ ಹೊರಟು ಕುತ್ತಿಗೆ, ತೋಳು, ಮೊಣಕೈ, ಮಣಿಕಟ್ಟು ದಾಟಿ ಬರುವ ನರಗಳೇ ತಂತಿ. ಕೊನೆಗೆ ಕೈಯಲ್ಲಿರುವ ಸ್ನಾಯು, ಅಂದರೆ ನಾವು ಮಾಂಸಖಂಡ ಅನ್ನುವುದು, ಬಲ್ಬು. ಕೈಯ ಮಾಂಸ ಕರಗಿದರೆ ನಮ್ಮ ಕಣ್ಣಿಗೆ ಕಾಣುವುದು ಆರಿದ ಬಲ್ಬು ಮಾತ್ರ. ಸೆಲ್ಲು ಕೆಟ್ಟರೂ, ತಂತಿ ಕೆಟ್ಟರೂ, ಬಲ್ಬೇ ಕೆಟ್ಟರೂ ಹೊರಗಿನಿಂದ ಕೈ ಒಂದೇ ತರಹ ಒಣಗಿದಂತೆ ಕಾಣುತ್ತದೆ.

ಸೆಲ್ಲು ತಾನಾಗಿ ಸಾಯುತ್ತ ಹೋಗುವ ರೋಗಕ್ಕೆ ಮೋಟಾರ್ ನ್ಯೂರಾನ್ ಕಾಯಿಲೆ ಎನ್ನುತ್ತಾರೆ. ಅದರಲ್ಲಿ ಹೆಚ್ಚಾಗಿ ಕಾಣುವ ಬಗೆಗೆ ಎ.ಎಲ್.ಎಸ್. ಎಂದು ಹೆಸರು. ಪ್ಯಾರಿಸ್ಸಿನ ಶಾರ್ಕೊ ಎಂಬ ವೈದ್ಯರು 1869ರಲ್ಲಿ ಇದನ್ನು ವಿವರಿಸಿದರು. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ, 21ನೆಯ ವಯಸ್ಸಿನಲ್ಲಿ ಈ ಕಾಯಿಲೆ ಇದೆ ಎಂದು ಗೊತ್ತಾಯಿತು. ಅವರು 2018ರವರೆಗೆ ಬದುಕಿದ್ದರು. ಆದರೆ ಅದು ಬಹಳ ಅಪರೂಪ. ಸಾಮಾನ್ಯವಾಗಿ ಲಕ್ಷಣ ಶುರುವಾದ ಮೇಲೆ ಮೂರರಿಂದ ಐದು ವರ್ಷ. ಇದು ಅಂಟುರೋಗ ಅಲ್ಲ. ಹತ್ತು ಜನರಲ್ಲಿ ಒಬ್ಬರಿಗೆ ಮಾತ್ರ ವಂಶದಿಂದ ಬರುತ್ತದೆ. ಯಾರ ಪಾಪದಿಂದಲೂ ಬರುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಮನೆಗೆ ಬಂದು ಅಂಥ ಮಾತು ಆಡಿಹೋದವರಿದ್ದಾರೆ.

ಈಗ ನಮ್ಮ ದೊಡ್ಡಪ್ಪನ ವಿಷಯಕ್ಕೆ ಬರುತ್ತೇನೆ. ಇಲ್ಲಿರುವ ಹಿರಿಯರಲ್ಲಿ ಅನೇಕರು ಅವರನ್ನು ಬಲ್ಲಿರಿ, ಹೆಸರು ಹೇಳುವುದಿಲ್ಲ. ನಾಲ್ಕನೆಯ ಇಯತ್ತೆ ಓದಿದವರು. ಎರಿ ಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೋಳ ಬೆಳೆಯುತ್ತಿದ್ದರು. ಹತ್ತಿ ಬಿಡಿಸಲು ನಿಂತರೆ ಅವರ ಜೊತೆ ಯಾರೂ ಸಾಲು ಹಿಡಿಯಲು ಆಗುತ್ತಿರಲಿಲ್ಲ. ಅಷ್ಟು ಚುರುಕು ಬೆರಳು.

ಸುಮಾರು ಹತ್ತು ವರ್ಷದ ಹಿಂದೆ ದೀಪಾವಳಿಗೆ ಬಂದಾಗ ಕಟ್ಟೆಯ ಮೇಲೆ ಕುಳಿತು ತಂಬಾಕು ತಿಕ್ಕುತ್ತಿದ್ದರು. ಎಡ ಅಂಗೈಯಲ್ಲಿ ತಂಬಾಕು, ಸುಣ್ಣ. ಬಲಗೈ ಹೆಬ್ಬೆರಳಿನಿಂದ ತಿಕ್ಕಬೇಕು. ಎರಡು ಸಲ ತಿಕ್ಕಿ ನಿಲ್ಲಿಸಿದರು. "ತಮ್ಮಾ, ಈ ಹೆಬ್ಬಟ್ಟಿನ್ಯಾಗ ಕಸುವ ಇಲ್ದಂಗ ಆಗೇತಿ ನೋಡು. ತಂಬಾಕು ತಿಕ್ಕಾಕ ಬರವಲ್ದು, ಅಂಗಿ ಗುಂಡಿ ಹಾಕ್ಕೊಳ್ಳಾಕ ಬರವಲ್ದು" ಅಂತ ಕೈ ಮುಂದೆ ಮಾಡಿದರು.

ನಾನು ಕೈ ಹಿಡಿದು ನೋಡಲೂ ಇಲ್ಲ. ದೂರದಿಂದಲೇ "ವಯಸ್ಸಾತಲ್ಲ ದೊಡ್ಡಪ್ಪ, ತಂಬಾಕಾದ್ರೂ ಬಿಡು" ಅಂತ ಚೇಷ್ಟೆ ಮಾಡಿದೆ. ದಿನಾ ಹತ್ತು ಜನರ ಕೈ ನೋಡುವವನು ನಾನು. ಅಪರಿಚಿತರ ಕೈ ಆದರೆ ಹಿಡಿದು, ತಿರುಗಿಸಿ, ಎರಡೂ ಕೈ ಪಕ್ಕ ಪಕ್ಕ ಇಟ್ಟು ನೋಡುತ್ತೇನೆ. ಮನೆಯವರ ಕೈಯನ್ನು ಮಾತ್ರ ನೋಡಲಿಲ್ಲ. ನಾನು ಹೇಳಬೇಕೆಂದಿದ್ದ ತಪ್ಪು ಇದೇ.

ಅದಾದ ಮೇಲೆ ಅವರು ತಾವೇ ಅಲ್ಲಿ ಇಲ್ಲಿ ತೋರಿಸಿದರು. ಎಣ್ಣೆ ತಿಕ್ಕಿಸಿಕೊಂಡರು. ನಂತರ ಒಂದು ಊರಿನ ಖಾಸಗಿ ಆಸ್ಪತ್ರೆಯಲ್ಲಿ ಕುತ್ತಿಗೆಯ ಸ್ಕ್ಯಾನ್ ಮಾಡಿ, ಎಲುಬು ಸವೆದಿದೆ, ನರ ಒತ್ತಿದೆ ಎಂದರು. ಐವತ್ತೆಂಟು ವರ್ಷದ ರೈತನ ಕುತ್ತಿಗೆಯನ್ನು ಸ್ಕ್ಯಾನ್ ಮಾಡಿದರೆ ಸವೆತ ಕಾಣದೆ ಇರುತ್ತದೆಯೇ? ಆ ವಯಸ್ಸಿನಲ್ಲಿ ಯಾವ ತೊಂದರೆ ಇಲ್ಲದವರ ಕುತ್ತಿಗೆಯಲ್ಲೂ ಸವೆತ ಕಾಣುತ್ತದೆ. ಆಪರೇಷನ್ ಆಯಿತು. ಅದಕ್ಕಾಗಿ ಒಂದು ಎಕರೆ ಹೊಲ ಮಾರಿದ್ದು ನನಗೆ ಆಮೇಲೆ ತಿಳಿಯಿತು. ಆಪರೇಷನ್ನಿಗೂ ಮೊದಲು ಕೈಯ ವಿದ್ಯುತ್ ಪರೀಕ್ಷೆ ಆಗಿರಲಿಲ್ಲ. ನಾನು ಒಂಬತ್ತನೆಯ ತರಗತಿಯಲ್ಲಿ ಮಾಡಿದ್ದನ್ನೇ ಅವರೂ ಮಾಡಿದ್ದರು. ಎಲ್ಲಿ ಕೆಟ್ಟಿದೆ ಎಂದು ಹುಡುಕದೆ ಕೈಗೆ ಸಿಕ್ಕಿದ್ದನ್ನು ರಿಪೇರಿ ಮಾಡಿದ್ದರು. ಆರು ತಿಂಗಳಾದರೂ ಕೈ ಸುಧಾರಿಸಲಿಲ್ಲ, ಇನ್ನಷ್ಟು ಒಣಗಿತು. ಆಗ ದೊಡ್ಡವ್ವ ಫೋನ್ ಮಾಡಿ ಅತ್ತರು. ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿಸಿಕೊಂಡು ಬೆಂಗಳೂರಿಗೆ ಕರೆಸಿಕೊಂಡೆ.

ಆ ದಿನದ ಪರೀಕ್ಷೆಯನ್ನು ನಾನೇ ಮಾಡಿದೆ. ಅದನ್ನು ಹಂತ ಹಂತವಾಗಿ ಹೇಳುತ್ತೇನೆ. "ಕರೆಂಟು ಕೊಡ್ತಾರಂತ" ಅಂತ ಹೆದರಿ ಪರೀಕ್ಷೆಗೇ ಬರದವರು ನಮ್ಮ ಭಾಗದಲ್ಲಿ ಬಹಳ ಇದ್ದಾರೆ.

ಮೊದಲು ಕೈಯನ್ನು ಬಿಸಿ ಮಾಡುತ್ತೇವೆ. ಕೈ ತಣ್ಣಗಿದ್ದರೆ ನರದಲ್ಲಿ ಸಂದೇಶ ನಿಧಾನವಾಗಿ ಹರಿಯುತ್ತದೆ, ಇಲ್ಲದ ರೋಗ ಇದ್ದಂತೆ ಕಾಣುತ್ತದೆ. ಚರ್ಮದ ಬಿಸಿ ಕಡಿಮೆಯೆಂದರೆ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ಸ್ನಾಯುವಿನ ಮೇಲೆ ಸಣ್ಣ ಬಿಲ್ಲೆಯಂಥ ಎಲೆಕ್ಟ್ರೋಡ್ ಅಂಟಿಸಿ, ಮಣಿಕಟ್ಟಿನ ಹತ್ತಿರ ನರದ ಮೇಲೆ ಕರೆಂಟಿನ ಒಂದು ಚಿಟಿಕೆ ಕೊಡುತ್ತೇವೆ. ಅದು ಸೆಕೆಂಡಿನ ಹತ್ತು ಸಾವಿರದ ಒಂದೆರಡು ಭಾಗದಷ್ಟು ಹೊತ್ತು ಮಾತ್ರ ಇರುತ್ತದೆ. ಬೆರಳು ತಾನೇ ತಟ್ಟನೆ ಹಾರುತ್ತದೆ. ಚುರುಕ್ ಅನ್ನುತ್ತದೆ, ಅಷ್ಟೇ, ಅಪಾಯವಿಲ್ಲ. ಮೊಣಕೈ ಹತ್ತಿರವೂ ಹಾಗೇ ಕೊಟ್ಟು, ಎರಡರ ನಡುವಿನ ಅಂತರ ಅಳೆದು ವೇಗ ಲೆಕ್ಕ ಹಾಕುತ್ತೇವೆ. ಆರೋಗ್ಯವಂತರ ಕೈಯ ನರದಲ್ಲಿ ಸಂದೇಶ ಸೆಕೆಂಡಿಗೆ 50 ಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತದೆ. ಮಕ್ಕಳೇ, ಗಂಟೆಗೆ ಎಷ್ಟು ಕಿಲೋಮೀಟರ್ ಆಯಿತು, ಲೆಕ್ಕ ಹಾಕಿರಿ. ಹೌದು, 180.

ದೊಡ್ಡಪ್ಪನ ನರದ ವೇಗ ಹೆಚ್ಚು ಕಡಿಮೆ ಸರಿಯಾಗಿತ್ತು. ಅಂದರೆ ಅಳೆದ ಭಾಗದಲ್ಲಿ ತಂತಿ ಒತ್ತಿಲ್ಲ, ಹರಿದಿಲ್ಲ. ಆಮೇಲೆ ಸ್ಪರ್ಶದ ನರಗಳನ್ನು ನೋಡಿದೆ. ಅವು ಹುಡುಗರ ಕೈಯಲ್ಲಿ ಇದ್ದಷ್ಟು ಚೆನ್ನಾಗಿದ್ದವು. ನನಗೆ ಅಳುಕು ಶುರುವಾದದ್ದು ಅಲ್ಲಿ. ಮಣಿಕಟ್ಟಿನಲ್ಲಿ, ಮೊಣಕೈಯಲ್ಲಿ ನರ ಒತ್ತಿದ್ದರೆ ಸ್ಪರ್ಶವೂ ಕೆಡಬೇಕಿತ್ತು. ಕೈ ಇಷ್ಟು ಒಣಗಿ, ಜೋಮು ಇಲ್ಲ, ಮರಗಟ್ಟಿಲ್ಲ, ನೋವಿಲ್ಲ. ನೋವಿಲ್ಲದ್ದು ಒಳ್ಳೆಯದು ಅಂತ ನಾವು ತಿಳಿಯುತ್ತೇವೆ. ಈ ಕಾಯಿಲೆಯಲ್ಲಿ ಅದು ಒಳ್ಳೆಯದಲ್ಲ.

ಆಮೇಲೆ ಮೂರು ಸ್ನಾಯುಗಳ ಬಲ ಅಳೆದೆ. ಈಗ ನೀವೂ ನಿಮ್ಮ ಕೈ ನೋಡಿಕೊಳ್ಳಿರಿ. ಹೆಬ್ಬೆರಳಿನ ಬುಡದಲ್ಲಿ ಅಂಗೈ ಕಡೆ ಉಬ್ಬಿದ ಮಾಂಸ ಒಂದು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕೈಯ ಹಿಂಬದಿ ಉಬ್ಬುವ ಮಾಂಸ ಎರಡು. ಕಿರುಬೆರಳಿನ ಕೆಳಗೆ ಅಂಗೈ ಅಂಚಿನ ಮಾಂಸ ಮೂರು. ಮೊದಲನೆಯದಕ್ಕೆ ಒಂದು ನರ ಬರುತ್ತದೆ. ಎರಡನೆಯದಕ್ಕೂ ಮೂರನೆಯದಕ್ಕೂ ಬರುವುದು ಇನ್ನೊಂದು ನರ, ಎರಡಕ್ಕೂ ಅದೇ ಒಂದು. ಮೂರೂ ಸ್ನಾಯುಗಳ ಸೆಲ್ಲು ಬೆನ್ನುಹುರಿಯ ಒಂದೇ ಭಾಗದಲ್ಲಿವೆ.

ಈಗ ಯೋಚನೆ ಮಾಡಿರಿ. ಮಣಿಕಟ್ಟಿನಲ್ಲಿ ಮೊದಲ ನರ ಒತ್ತಿದರೆ ಒಂದನೆಯ ಮಾಂಸ ಮಾತ್ರ ಕರಗಬೇಕು. ಮೊಣಕೈಯಲ್ಲಿ ಎರಡನೆಯ ನರ ಕೆಟ್ಟರೆ ಎರಡೂ ಮೂರೂ ಕೂಡಿಯೇ ಕರಗಬೇಕು. ಕುತ್ತಿಗೆಯಲ್ಲಿ ಬೇರು ಒತ್ತಿದ್ದರೆ ಮೂರೂ ಸೊರಗಬೇಕು. ದೊಡ್ಡಪ್ಪನ ಕೈಯಲ್ಲಿ ಒಂದನೆಯದೂ ಎರಡನೆಯದೂ ಬತ್ತಿದ್ದವು, ಮೂರನೆಯದು ಗಟ್ಟಿಯಾಗಿ ಉಳಿದಿತ್ತು. ಒಂದೇ ನರದ ಎರಡು ಸ್ನಾಯುಗಳಲ್ಲಿ ಒಂದು ಹೋಗಿದೆ, ಇನ್ನೊಂದು ಇದೆ. ತಂತಿ ಕೆಟ್ಟರೆ ಸಾಮಾನ್ಯವಾಗಿ ಹೀಗೆ ಆಗುವುದಿಲ್ಲ. ಕೈಯನ್ನು ಉದ್ದಕ್ಕೆ ಸೀಳಿ, ಹೆಬ್ಬೆರಳ ಕಡೆಯ ಅರ್ಧವನ್ನು ರೋಗ ತೆಗೆದುಕೊಂಡಿತ್ತು, ಕಿರುಬೆರಳ ಕಡೆಯದನ್ನು ಬಿಟ್ಟಿತ್ತು.

ಇದಕ್ಕೆ ವೈದ್ಯರು 'ಸ್ಪ್ಲಿಟ್ ಹ್ಯಾಂಡ್', ಅಂದರೆ ಸೀಳುಕೈ ಎನ್ನುತ್ತಾರೆ. ಅಮೆರಿಕದ ಕ್ಲೀವ್‌ಲ್ಯಾಂಡಿನ ವಿಲ್ಬರ್ನ್ ಎಂಬ ವೈದ್ಯರು 2000ರಲ್ಲಿ ಈ ಹೆಸರಿನಲ್ಲಿ ಲೇಖನ ಬರೆದರು. 2013ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯರು ಇದನ್ನು ಒಂದು ಸಣ್ಣ ಲೆಕ್ಕವಾಗಿ ಮಾಡಿದರು. ಒಂದನೆಯ ಸ್ನಾಯುವಿನ ಅಳತೆಯನ್ನು ಎರಡನೆಯದರಿಂದ ಗುಣಿಸಿ, ಮೂರನೆಯದರಿಂದ ಭಾಗಿಸಬೇಕು. ಅಳತೆ ಮಿಲಿವೋಲ್ಟಿನಲ್ಲಿ. ಉದಾಹರಣೆಗೆ, ಗಟ್ಟಿ ಕೈಯಲ್ಲಿ 9, 10, 10 ಬಂದರೆ, 9 ಗುಣಿಸು 10, ಭಾಗಿಸು 10, ಉತ್ತರ 9. ಸೊರಗಿದ ಕೈಯಲ್ಲಿ 2, 3, 8 ಬಂದರೆ ಉತ್ತರ 0.75, ಅಂದರೆ ಮುಕ್ಕಾಲು. ಉತ್ತರ 5.2 ಅಥವಾ ಅದಕ್ಕಿಂತ ಕಡಿಮೆ ಬಂದರೆ ಈ ಕಾಯಿಲೆಯ ಸಂಶಯ ಬಲವಾಗುತ್ತದೆ. ಏಳನೆಯ ತರಗತಿಯ ಹುಡುಗನೂ ಮಾಡಬಹುದಾದ ಲೆಕ್ಕ. ಆದರೆ ಇದೊಂದರಿಂದಲೇ ರೋಗ ತೀರ್ಮಾನ ಮಾಡುವುದಿಲ್ಲ, ಯಾರೂ ಮಾಡಬಾರದು.

ಹೆಬ್ಬೆರಳ ಕಡೆಯೇ ಯಾಕೆ ಮೊದಲು ಹೋಗುತ್ತದೆ? ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ. ಒಂದು ವಿಚಾರ ಹೀಗಿದೆ. ಹೆಬ್ಬೆರಳು ತೋರುಬೆರಳು ಸೇರಿಸಿ ಚಿಮುಟುವ ಕೆಲಸ ಮನುಷ್ಯನ ಬಹು ದೊಡ್ಡ ಕಸುಬು. ಹತ್ತಿ ಬಿಡಿಸುವುದು, ಸೂಜಿಗೆ ದಾರ ಪೋಣಿಸುವುದು, ರೊಟ್ಟಿ ಮುರಿಯುವುದು, ಬಳಪ ಹಿಡಿಯುವುದು ಎಲ್ಲವೂ ಅದೇ. ಅದಕ್ಕಾಗಿ ಮಿದುಳು ಆ ಸ್ನಾಯುಗಳಿಗೆ ಹೆಚ್ಚು ಜಾಗ ಕೊಟ್ಟಿದೆ, ಹೆಚ್ಚು ಹೊರೆಯನ್ನೂ ಹಾಕಿದೆ. ಹೊರೆ ಹೆಚ್ಚಿದ್ದವೇ ಮೊದಲು ಸೋಲುತ್ತವೆಯೇನೋ. ಇದನ್ನು ಓದಿದಾಗಲೆಲ್ಲ ಹತ್ತಿ ಸಾಲಿನಲ್ಲಿ ನಿಂತ ದೊಡ್ಡಪ್ಪ ನನ್ನ ಕಣ್ಣಿಗೆ ಬರುತ್ತಾರೆ. ಆದರೆ ಹೊಲದ ಕೆಲಸದಿಂದ ಈ ರೋಗ ಬಂತು ಎಂದು ಯಾರೂ ತಿಳಿಯಬಾರದು. ಗಣಿತದ ಪ್ರಾಧ್ಯಾಪಕರಾಗಿದ್ದ ಹಾಕಿಂಗ್ ಅವರಿಗೂ ಬಂತು.

ಕೊನೆಯ ಹಂತ ಸೂಜಿ ಪರೀಕ್ಷೆ. ಇದನ್ನು ಡಾಕ್ಟರೇ ಮಾಡುತ್ತಾರೆ. ಕೂದಲಿನಂಥ ಸೂಜಿಯನ್ನು ಸ್ನಾಯುವಿಗೆ ಚುಚ್ಚಿ ಒಳಗಿನ ವಿದ್ಯುತ್ತನ್ನು ಪರದೆಯ ಮೇಲೆ ನೋಡುತ್ತಾರೆ, ಸ್ಪೀಕರಿನಲ್ಲಿ ಕೇಳುತ್ತಾರೆ. ಸೂಜಿಯಿಂದ ಕರೆಂಟು ಕೊಡುವುದಿಲ್ಲ, ಕೇಳುವುದಷ್ಟೇ. ಇಂಥ ಸೂಜಿಯನ್ನು ಏಡ್ರಿಯನ್ ಮತ್ತು ಬ್ರಾಂಕ್ ಎಂಬ ವಿಜ್ಞಾನಿಗಳು 1929ರಲ್ಲಿ ಬಳಕೆಗೆ ತಂದರು. ಸುಮ್ಮನಿರುವ ಆರೋಗ್ಯವಂತ ಸ್ನಾಯು ಮೌನವಾಗಿರುತ್ತದೆ. ನರ ಕಳೆದುಕೊಂಡ ಸ್ನಾಯು ಸುಮ್ಮನಿದ್ದಾಗಲೂ ತಗಡಿನ ಮೇಲೆ ಹನಿ ಬಿದ್ದಂತೆ ಟಪ್ ಟಪ್ ಅನ್ನುತ್ತಿರುತ್ತದೆ.

ಇನ್ನೊಂದು ಸಂಗತಿಯನ್ನೂ ಸೂಜಿ ತೋರಿಸುತ್ತದೆ. ನಮ್ಮೂರಲ್ಲಿ ಒಂದು ಮನೆಯವರು ದುಡಿಯಲು ಬೆಂಗಳೂರಿಗೆ, ಗೋವಾಕ್ಕೆ ಹೋದರೆ ಅವರ ಹೊಲವನ್ನು ಪಕ್ಕದವರು ಪಾಲಿಗೆ ಮಾಡುತ್ತಾರಲ್ಲ? ಹೊಲ ಬೀಳು ಬೀಳುವುದಿಲ್ಲ, ದಾರಿಯಲ್ಲಿ ಹೋಗುವವರಿಗೆ ಏನೂ ಗೊತ್ತಾಗುವುದಿಲ್ಲ. ಸ್ನಾಯುವಿನಲ್ಲಿಯೂ ಹೀಗೇ. ಒಂದು ನರಕೋಶ ಸತ್ತರೆ ಅದರ ಪಾಲಿನ ಸ್ನಾಯು ಎಳೆಗಳನ್ನು ಪಕ್ಕದ ನರಕೋಶ ತನ್ನದಾಗಿ ಮಾಡಿಕೊಂಡು ಕೆಲಸ ಮಾಡಿಸುತ್ತದೆ. ಹೀಗೆ ಒಬ್ಬರ ಮೇಲೆ ಒಬ್ಬರ ಭಾರ ಬೀಳುತ್ತ, ಉಳಿದವರೂ ಸೋತ ಮೇಲೆ ಹೊಲ ಬೀಳು ಕಾಣುತ್ತದೆ. ಅದಕ್ಕೇ ಕೈ ಸೋತದ್ದು ನಮಗೆ ಗೊತ್ತಾಗುವ ಹೊತ್ತಿಗೆ ಒಳಗೆ ಎಷ್ಟೋ ನರಕೋಶಗಳು ಹೋಗಿರುತ್ತವೆ. ಪರದೆಯ ಮೇಲೆ ಆಗ ಕೆಲವೇ ಗೆರೆಗಳು ಕಾಣುತ್ತವೆ, ಆದರೆ ಒಂದೊಂದೂ ಬಲು ದೊಡ್ಡದು. ಕೆಲವೇ ಜನ, ದೊಡ್ಡ ದೊಡ್ಡ ಪಾಲು.

ಕೈಯಲ್ಲಿ ಮಾತ್ರ ನೋಡಿದರೆ ಸಾಲದು. ನಾಲಿಗೆ, ಬೆನ್ನು, ಕಾಲುಗಳಲ್ಲೂ ನೋಡುತ್ತಾರೆ. ತೊಂದರೆ ಇಲ್ಲದ ಕಾಲಿನಲ್ಲೂ ಅದೇ ಬದಲಾವಣೆ ಕಂಡರೆ ಇದು ಬರೀ ಕುತ್ತಿಗೆಯ ಕೆಲಸ ಅಲ್ಲ ಎಂದಾಯಿತು. ದೊಡ್ಡಪ್ಪನ ಕಾಲಿನಲ್ಲಿ ಕಂಡಿತು. ಇದರ ಜೊತೆ ಡಾಕ್ಟರ್ ಸಣ್ಣ ಸುತ್ತಿಗೆಯಿಂದ ಮೊಣಕಾಲು, ಮೊಣಕೈ ತಟ್ಟಿ ನೋಡಿದರು. ಒಣಗಿದ ಕೈ ಜೋರಾಗಿ ಹಾರಿತು. ಮಿದುಳಿನ ಸ್ವಿಚ್ಚಿನ ಕಡೆಯೂ ಕೆಟ್ಟಿದೆ ಎನ್ನಲು ಅದು ಗುರುತು.

ತಂತ್ರಜ್ಞನಾದವನು ರೋಗಿಗೆ ಫಲಿತಾಂಶ ಹೇಳುವಂತಿಲ್ಲ, ಅದು ಡಾಕ್ಟರ್ ಹೇಳಬೇಕಾದ ಮಾತು. ನಾನು ಬಾಯಿ ಬಿಡಲಿಲ್ಲ. ಎಲೆಕ್ಟ್ರೋಡ್ ಕಿತ್ತು, ಅಂಟು ಒರೆಸಿ, ಅಂಗಿ ಗುಂಡಿ ಹಾಕಿಕೊಟ್ಟೆ. ದೊಡ್ಡಪ್ಪ ನನ್ನ ಮಾರಿ ನೋಡಿ, "ಬಿಡು ತಮ್ಮಾ, ನೀ ಏನೂ ಹೇಳಬ್ಯಾಡ. ನಿನ್ನ ಮಾರಿನೇ ಹೇಳಾಕತ್ತೇತಿ" ಅಂದರು.

ಅದಾದ ಮೇಲೆ ಅವರು ಎರಡೂವರೆ ವರ್ಷ ಇದ್ದರು. ರಿಲುಜೋಲ್ ಎಂಬ ಮಾತ್ರೆ ಕೊಟ್ಟರು. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ರೋಗದ ಮೊದಲ ಔಷಧ ಅದು. ಗುಣ ಮಾಡುವುದಿಲ್ಲ, ಕೆಲವು ತಿಂಗಳು ಹೆಚ್ಚು ಕೊಡುತ್ತದೆ. ಹಾಗಾದರೆ ರೋಗದ ಹೆಸರು ತಿಳಿದು ಏನು ಬಂತು ಎಂದು ನೀವು ಕೇಳಬಹುದು. ಬಂದದ್ದು ಬಹಳ. ಇನ್ನೊಂದು ಎಕರೆ ಮಾರುವುದು ತಪ್ಪಿತು. ಎರಡನೆಯ ಆಪರೇಷನ್ನಿನ ಮಾತು ನಿಂತಿತು. ಊಟ ಗಂಟಲಿಗೆ ಸಿಗದಂತೆ ಹೇಗೆ ಉಣಿಸಬೇಕು, ರಾತ್ರಿ ಉಸಿರು ಕಷ್ಟವಾದರೆ ಏನು ಮಾಡಬೇಕು ಎಂದು ಮನೆಯವರು ಮೊದಲೇ ಕಲಿತರು. ಆಸ್ತಿ ಪಾಲು, ಮಗಳ ಮದುವೆ, ಸಾಲದ ಲೆಕ್ಕ ಎಲ್ಲವನ್ನೂ ಮಾತು ಇರುವಾಗಲೇ ಅವರು ಮುಗಿಸಿದರು.

ಕೊನೆಗೆ ಮಾತು ಹೋಯಿತು. ಬುದ್ಧಿ ಹೋಗಿರಲಿಲ್ಲ. ಆಗ ಅವರ ಮೊಮ್ಮಗಳು, ಇದೇ ಶಾಲೆಯ ಎಂಟನೆಯ ತರಗತಿಯ ಹುಡುಗಿ, ಒಂದು ರಟ್ಟಿನ ಮೇಲೆ ವರ್ಣಮಾಲೆ, ಕಾಗುಣಿತ ಬರೆದು ತಂದಳು. ಅವಳು ಒಂದೊಂದೇ ಅಕ್ಷರದ ಮೇಲೆ ಬೆರಳಿಡುವುದು, ಬೇಕಾದ ಅಕ್ಷರ ಬಂದಾಗ ಅಜ್ಜ ಕಣ್ಣು ಮುಚ್ಚಿ ತೆಗೆಯುವುದು. ನಾಲ್ಕನೆಯ ಇಯತ್ತೆಯ ಓದು ಅವರಿಗೆ ಆ ದಿನಗಳಲ್ಲಿ ಉಪಯೋಗಕ್ಕೆ ಬಂತು. ನಾನು ಕೊನೆಯ ಸಲ ಬಂದಾಗ ಹಿಂಗಾರಿ ಹದ ಬಂದಿತ್ತು. ಅವಳ ಬೆರಳು ಹತ್ತು ನಿಮಿಷ ರಟ್ಟಿನ ಮೇಲೆ ಓಡಾಡಿತು. ಅವರು ಹೇಳಿದ್ದು ಎರಡೇ ಶಬ್ದ: ಕಡಲಿ ಬಿತ್ತು.

ದೊಡ್ಡಪ್ಪನ ಕಥೆ ಕೇಳಿ, ಕೈ ಸೊರಗಿದರೆಲ್ಲ ಇದೇ ರೋಗ ಅಂತ ಹೆದರಿಕೊಂಡು ಮನೆಗೆ ಹೋಗಬೇಡಿರಿ. ನನ್ನ ಮಾತಿನ ಉದ್ದೇಶವೇ ಅದಕ್ಕೆ ತಿರುಗುಮುರುಗು. ಸೊರಗಿದ ಕೈಗಳಲ್ಲಿ ಈ ರೋಗದ್ದು ಕಡಿಮೆ, ಬೇರೆ ಕಾರಣದ್ದೇ ಹೆಚ್ಚು.

ರೊಟ್ಟಿ ತಟ್ಟುವ, ಬಟ್ಟೆ ಹಿಂಡುವ ನಮ್ಮ ಅಕ್ಕಂದಿರಿಗೆ ಮಣಿಕಟ್ಟಿನಲ್ಲಿ ನರ ಒತ್ತಿ, ರಾತ್ರಿ ಕೈ ಜೋಮು ಹಿಡಿಯುತ್ತದೆ, ಎದ್ದು ಝಾಡಿಸಿದರೆ ಹಗುರಾಗುತ್ತದೆ. ಬಹಳ ದಿನ ಬಿಟ್ಟರೆ ಹೆಬ್ಬೆರಳ ಬುಡ ಇಳಿಯುತ್ತದೆ. ಬೇಗ ತೋರಿಸಿದರೆ ಗುಣವಾಗುತ್ತದೆ. ಕುಷ್ಠರೋಗದಲ್ಲಿ ಮೊಣಕೈ ಹಿಂದಿನ ನರ ದಪ್ಪವಾಗಿ, ಕಿರುಬೆರಳು ಉಂಗುರದ ಬೆರಳು ಮರಗಟ್ಟಿ, ಕೊಕ್ಕೆಯಂತೆ ಮಡಚುತ್ತವೆ. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧ ಇದೆ, ಪೂರ್ತಿ ಗುಣವಾಗುತ್ತದೆ. ನಾಚಿಕೆಪಟ್ಟು ಮುಚ್ಚಿಟ್ಟರೆ ಕೈ ಹೋಗುತ್ತದೆ. ಇನ್ನೊಂದು ಅಪರೂಪದ ಕಾಯಿಲೆಯಲ್ಲಿ ನರದ ದಾರಿಯಲ್ಲಿ ಅಲ್ಲಲ್ಲಿ ಕರೆಂಟು ತಡೆದು ನಿಲ್ಲುತ್ತದೆ. ನೋಡಲು ಥೇಟ್ ದೊಡ್ಡಪ್ಪನ ರೋಗದಂತೆ, ಆದರೆ ಇಂಜೆಕ್ಷನ್ ಚಿಕಿತ್ಸೆಗೆ ಬಗ್ಗುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸಲು ಈ ವಿದ್ಯುತ್ ಪರೀಕ್ಷೆಯೇ ಬೇಕು.

ಹರೆಯದ ಹುಡುಗರಿಗೆ ಬರುವ ಒಂದು ಬಗೆಯನ್ನು ವಿಶೇಷವಾಗಿ ಹೇಳಬೇಕು, ಏಕೆಂದರೆ ಅದರ ಅಧ್ಯಯನದಲ್ಲಿ ನಮ್ಮ ಕರ್ನಾಟಕದ ಪಾಲು ದೊಡ್ಡದು. ಜಪಾನಿನ ಹಿರಯಾಮ ಎಂಬ ವೈದ್ಯರು 1959ರಲ್ಲಿ ಇದನ್ನು ಮೊದಲು ಬರೆದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಂ. ಗೌರಿದೇವಿ ಮತ್ತು ಅವರ ಸಹೋದ್ಯೋಗಿಗಳು, ಒಂದೇ ಕೈ ಅಥವಾ ಒಂದೇ ಕಾಲು ಸೊರಗಿ ಅಲ್ಲಿಗೇ ನಿಲ್ಲುವ ರೋಗಿಗಳನ್ನು ಕೂಲಂಕಷವಾಗಿ ನೋಡಿ, 1984ರಲ್ಲಿ ಅದಕ್ಕೆ 'ಮೊನೊಮೆಲಿಕ್ ಅಮಯೋಟ್ರೋಫಿ' ಎಂಬ ಹೆಸರಿಟ್ಟರು. ಅಂದರೆ ಒಂದೇ ಅಂಗದ ಸೊರಗು. 2003ರಲ್ಲಿ ಡಾ. ಗೌರಿದೇವಿ ಮತ್ತು ಡಾ. ನಳಿನಿ ಅವರು ಇಂಥ 44 ರೋಗಿಗಳನ್ನು ಬಹಳ ವರ್ಷ ಹಿಂಬಾಲಿಸಿ ನೋಡಿದ್ದನ್ನು ಪ್ರಕಟಿಸಿದರು. ಕೆಲವು ವರ್ಷ ಹೆಚ್ಚಾಗಿ, ಆಮೇಲೆ ಈ ರೋಗ ನಿಲ್ಲುತ್ತದೆ. ಪ್ರಾಣಕ್ಕೆ ಅಪಾಯವಿಲ್ಲ.

ಇದರಲ್ಲಿ ಕೈ ಸೀಳುವುದು ಉಲ್ಟಾ. ಕಿರುಬೆರಳ ಕಡೆ ಹೆಚ್ಚು ಹೋಗುತ್ತದೆ, ಹೆಬ್ಬೆರಳ ಕಡೆ ಉಳಿಯುತ್ತದೆ. ಚಳಿಯಲ್ಲಿ ಬೆರಳು ಇನ್ನೂ ಸೋಲುತ್ತವೆ. ಕತ್ತು ಬಗ್ಗಿಸಿದಾಗ ಬೆನ್ನುಹುರಿ ಒತ್ತುವುದು ಕಾರಣವೆಂದು ಅನೇಕರಲ್ಲಿ ಕಂಡಿದೆ. ಹೋದ ವರ್ಷ ನಮ್ಮ ಭಾಗದವನೇ ಆದ ಒಬ್ಬ ಕಾಲೇಜು ಹುಡುಗ ನನ್ನ ಮುಂದೆ ಕುಳಿತಿದ್ದ. ಮೊಬೈಲಿನಲ್ಲಿ ಓದಿ, ತನಗೆ ಎ.ಎಲ್.ಎಸ್. ಎಂದು ತಾನೇ ತೀರ್ಮಾನಿಸಿ, ಪರೀಕ್ಷೆಗೆ ಹಣ ಕಟ್ಟುವುದನ್ನೂ ಬಿಟ್ಟಿದ್ದ. ತಾಯಿ ಹೊರಗೆ ಸೆರಗು ಬಾಯಿಗಿಟ್ಟುಕೊಂಡು ಕುಳಿತಿದ್ದರು. ಅಳತೆ ತೆಗೆದೆ. ಕಿರುಬೆರಳ ಕಡೆ ಬತ್ತಿತ್ತು, ಹೆಬ್ಬೆರಳ ಕಡೆ ಗಟ್ಟಿಯಿತ್ತು, ಕಾಲು ನಾಲಿಗೆ ಸ್ವಚ್ಛ. ಆ ದಿನವೂ ನಾನು ಏನೂ ಹೇಳುವಂತಿರಲಿಲ್ಲ. ಆದರೆ ಆ ದಿನ ನನ್ನ ಮಾರಿ ನೋಡಿ ಅವನಿಗೆ ಧೈರ್ಯ ಬಂದಿರಬೇಕು. ಡಾಕ್ಟರ್ ಕತ್ತು ಬಗ್ಗಿಸಿ ಸ್ಕ್ಯಾನ್ ಮಾಡಿಸಿ, ಹಿರಯಾಮ ಕಾಯಿಲೆ ಎಂದು ಹೇಳಿ, ಕೊರಳಪಟ್ಟಿ ಕೊಟ್ಟರು. ಹೋದ ಮಾಂಸ ಪೂರ್ತಿ ಬರುವುದಿಲ್ಲ. ಹುಡುಗ ಮಾತ್ರ ಪರೀಕ್ಷೆ ಬರೆದ.

ಪರೀಕ್ಷೆಗೂ ಮಿತಿ ಇದೆ. ಬಹಳ ಮುಂಚೆ ಬಂದರೆ ಒಂದೇ ಸಲಕ್ಕೆ ಉತ್ತರ ಸಿಗದೇ ಇರಬಹುದು, ಮೂರು ನಾಲ್ಕು ತಿಂಗಳು ಬಿಟ್ಟು ಮತ್ತೆ ಮಾಡಬೇಕಾಗುತ್ತದೆ. ಹಾಗೆ ಹೇಳಿದರೆ ಡಾಕ್ಟರಿಗೆ ಗೊತ್ತಿಲ್ಲ ಎಂದು ತಿಳಿದು ಬೇರೆ ಕಡೆ ಓಡಬೇಡಿರಿ. ಗೊತ್ತಾಗುವವರೆಗೆ ಕಾಯುತ್ತೇನೆ ಅನ್ನುವ ಡಾಕ್ಟರು ನಿಮ್ಮ ಹೊಲ ಉಳಿಸುವವರು.

ಕೊನೆಗೆ ಮೂರು ಮಾತು. ಒಂದು, ಆಗಾಗ ಎರಡೂ ಕೈ ಪಕ್ಕ ಪಕ್ಕ ಇಟ್ಟು ನೋಡಿಕೊಳ್ಳಿರಿ, ಮನೆಯ ಹಿರಿಯರ ಕೈಯನ್ನೂ ನೋಡಿರಿ. ಗುಂಡಿ ಹಾಕಲು, ಕೀಲಿ ತಿರುಗಿಸಲು, ತಂಬಾಕು ತಿಕ್ಕಲು ಬರದಿದ್ದರೆ, ಹೆಬ್ಬೆರಳ ಬುಡ ತಗ್ಗಿದ್ದರೆ, ನೋವಿಲ್ಲದಿದ್ದರೂ ತೋರಿಸಿರಿ. ಎರಡು, ಕೈ ಸೊರಗಿದ್ದಕ್ಕೆ ಯಾರಾದರೂ ಕುತ್ತಿಗೆ ಆಪರೇಷನ್ ಎಂದರೆ, "ನರದ ಪರೀಕ್ಷೆ, ಸೂಜಿ ಪರೀಕ್ಷೆ ಆಗೇತೇನ್ರಿ?" ಎಂದು ಕೇಳಿರಿ. ನರರೋಗ ತಜ್ಞರು ಹುಬ್ಬಳ್ಳಿ ಧಾರವಾಡದಲ್ಲೇ ಸಿಗುತ್ತಾರೆ. ಮೂರು, ಮೈಯಲ್ಲಿ ಎಲ್ಲೋ ಮಾಂಸ ಮಿಡಿದರೆ ಹೆದರಬೇಡಿರಿ. ದಣಿದಾಗ, ನಿದ್ದೆಗೆಟ್ಟಾಗ, ಚಹಾ ಹೆಚ್ಚಾದಾಗ ಎಲ್ಲರಿಗೂ ಮಿಡಿಯುತ್ತದೆ. ಮಿಡಿತದ ಜೊತೆ ಬಲ ಕಡಿಮೆಯಾದರೆ ಮಾತ್ರ ತೋರಿಸಿರಿ.

ಇವತ್ತು ಬರುವಾಗ ಶಾಲೆಯ ಪ್ರಯೋಗಾಲಯಕ್ಕೆ ಒಂದು ಪೆಟ್ಟಿಗೆ ತಂದಿದ್ದೇನೆ. ದೊಡ್ಡ ವಸ್ತುವೇನಲ್ಲ. ಸೆಲ್ಲು, ತಂತಿ, ಬಲ್ಬು, ಕರೆಂಟು ಅಳೆಯುವ ಕೆಲವು ಮೀಟರು. ಗುರುಗಳಲ್ಲಿ ವಿನಂತಿ ಇಷ್ಟೇ: ಅದನ್ನು ಕಪಾಟಿನಲ್ಲಿ ಕೀಲಿ ಹಾಕಿ ಇಡಬೇಡಿರಿ. ಎಲ್ಲೋ ಒಂದು ಕಡೆ ಬೇಕಂತಲೇ ಕೆಡಿಸಿ ಮಕ್ಕಳ ಕೈಗೆ ಕೊಡಿರಿ. ಎಲ್ಲಿ ಕೆಟ್ಟಿದೆ ಎಂದು ಹುಡುಕಿದ ಮೇಲೆಯೇ ಕೈ ಹಾಕುವ ಬುದ್ಧಿ ನನಗೆ ಈ ಶಾಲೆ ಕೊಟ್ಟಿತು. ಅದನ್ನು ದಿನಾ ಬೇರೆಯವರಿಗೆ ಬಳಸಿದೆ, ನಮ್ಮ ಮನೆಯ ಕಟ್ಟೆಯ ಮೇಲೆ ಒಂದು ಸಲ ಮರೆತೆ. ನೀವು ಮರೆಯಬೇಡಿರಿ.